ಹತ್ತರವರೆಗೆ

ವಿಯೋಲಾ, ನೀನು ತಿದ್ದಿದ ಉತ್ತರಗಳನ್ನು ನೋಡಿದೆ.
ಅನ್ಸಾರನ ಹಾಳೆಗೆ 'ಅಪೂರ್ಣ' ಎಂದಿದ್ದೀ, ಕೆಂಪಿನಲ್ಲಿ.
ಸರಿಯೇ. ಎರಡನೇ ಲೆಕ್ಕ ಅರ್ಧಕ್ಕೆ ನಿಂತಿದೆ,
ಸರಾಸರಿ ಉಂಟು, ವಿಚಲನೆ ಇಲ್ಲ.
ಆದರೆ ಮೂಲೆಯಲ್ಲಿ ಸಣ್ಣಕ್ಷರದ ಹೊತ್ತು ಒಂದುಂಟಲ್ಲ,
ಓದಿದೆಯಾ?
ನಸುಕು ಮೂರು ಗಂಟೆ ಹತ್ತು ನಿಮಿಷ.

ಆ ಹೊತ್ತಿಗೆ ಎಚ್ಚರವಿರುವವರು ಯಾರು ಹೇಳು:
ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವರು,
ಹೆರಿಗೆ ವಾರ್ಡಿನ ಆಯಾಗಳು,
ಮೂರನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದ ನೀನು.

ಕೊಣಾಜೆಯ ಈ ಗುಡ್ಡದಿಂದ ನಾನು ನಿನಗೆ
ಹೇಳಿಕೊಟ್ಟದ್ದು ಒಂದೇ, ಅದೂ ನನಗೆ ಪೂರ್ತಿ ಬಂದದ್ದಲ್ಲ:
ಪ್ರಶ್ನೆ ಕೇಳಿದ ಮೇಲೆ ಹತ್ತರವರೆಗೆ ಎಣಿಸು.
ಕೊಂಕಣಿಯಲ್ಲಾದರೂ ಅಡ್ಡಿಲ್ಲ.
ತೀನ್ ಅನ್ನುವಷ್ಟರಲ್ಲಿ ನೀನೇ ಉತ್ತರ ಕೊಟ್ಟುಬಿಡುತ್ತೀ.
ಐವತ್ತೆರಡು ಕಪ್ಪು ಚೌಕಗಳು
ಕೇಳುತ್ತಿವೆಯೋ, ಕುಚ್ಚಲಕ್ಕಿ ತೊಳೆಯುತ್ತಿವೆಯೋ,
ಆ ಹೆದರಿಕೆ ನನಗೂ ಉಂಟು ಮಾರಾಯ್ತಿ.
ತರಗತಿಯಲ್ಲಾದರೆ ಕೊನೇ ಬೆಂಚಿನ ಕಾಲು
ಅಲ್ಲಾಡುವುದಾದರೂ ಕಾಣುತ್ತಿತ್ತು.

ಇವತ್ತು ನಾನೂ ಒಂದು ಚೌಕವಾಗಿ ಕೂತಿದ್ದೆ.
(ಕುಕ್ಕರ್ ಕೂಗಿದ್ದು ನಮ್ಮ ಮನೆಯದೇ. ಕ್ಷಮಿಸು.)
ಮೀನಿನ ತೂಕದ ಪಟ್ಟಿ ತೋರಿಸಿ ಕೇಳಿದೆ:
'ಈ ಒಂದು ಅಂಕಿ ಯಾಕೆ ಇಷ್ಟು ದೂರ ನಿಂತಿದೆ?'
ನಿನ್ನ ತುಟಿ ಎಣಿಸುವುದು ಕಂಡಿತು.
ಏಳು. ಎಂಟು.
ಅಷ್ಟರಲ್ಲಿ ನಿಮ್ಮಲ್ಲಿ ಕರೆಂಟು ಹೋಯಿತು, ನೀನೂ.

ನನ್ನ ಬೆರಳು ಮೈಕಿನ ಗುಂಡಿಯ ಮೇಲಿತ್ತು.
ಒತ್ತಲಿಲ್ಲ. ಮಂಡೆ ಬೆಚ್ಚವಾಗಿತ್ತು, ಆದರೂ.
ಬೆಂಗ್ರೆಯಿಂದ ಅನ್ಸಾರ್, ಹಿಂದೆ ಇಂಜಿನ್ನಿನ ಸದ್ದು:
'ಅದು ಬೂತಾಯಿ ಸಿಕ್ಕಿದ ದಿನ ಮೇಡಂ.
ಸರಾಸರಿ ಹೇಳಿದರೆ ದಿನಾ ಸಿಕ್ಕಿದ ಹಾಗಾಗ್ತದೆ.
ಅದಕ್ಕೇ ನಾನು ಲೆಕ್ಕ ಅಲ್ಲಿಗೇ ಬಿಟ್ಟದ್ದು.'
'ಬಿಡುವುದಲ್ಲ,' ಮೂಲ್ಕಿಯ ಅಶ್ವಿಜಾ,
'ವಿಚಲನೆ ಇರುವುದೇ ಅದನ್ನು ಹೇಳ್ಲಿಕ್ಕೆ.'
ಮತ್ತೆ ಮೂರನೆಯ ದನಿ, ನಾಲ್ಕನೆಯದು,
ವರ್ಷವಿಡೀ ಕೇಳಿರದ ಒಂದು ನಗು.

ಆರು ನಿಮಿಷವಾದ ಮೇಲೆ ಮೊಬೈಲಿನಿಂದ ಏದುತ್ತಾ ಬಂದೆ:
'ಕೇಳ್ತಾ ಉಂಟಾ? ಯಾರಾದರೂ ಇದ್ದೀರಾ?'
ಎಲ್ಲರೂ ಇದ್ದೆವು.

ನಿನ್ನ ಬಗ್ಗೆ ತುಂಬಬೇಕಾದ ನಮೂನೆ ಮುಂದಿದೆ.
'ತರಗತಿ ನಿರ್ವಹಣೆ' ಎಂಬ ಅಂಕಣದಲ್ಲಿ
ಆ ಆರು ನಿಮಿಷವನ್ನು ಯಾರ ಹೆಸರಿಗೆ ಬರೆಯಲಿ?

ಅನ್ಸಾರನ ಅಂಕ ಬದಲಿಸಬೇಡ. 'ಅಪೂರ್ಣ' ಇರಲಿ.
ಅದರ ಮುಂದೆ ಒಂದು ಸಾಲು ಸೇರಿಸು.
ಏನೆಂದು ನಾನು ಹೇಳುವುದಿಲ್ಲ.
ಎಣಿಸುತ್ತಿದ್ದೇನೆ.