ಲಾಭ, ಎರಡು, ಮೂರು

ಮೂರೂ ಭಾಗ ಕೂಡಿ ಸಿಂಧನೂರು ಸೆಂಟರಿನಾಗ
ಎಷ್ಟಾತು ಅಂತ ಕೇಳ್ತೀರಿ ಮೇಡಂ.
ಒಂದೇ ಅಂಕಿ ಬೇಕು ನಿಮಗ, ಒಂದೇ ಖಾನೆದಾಗ ಕುಂದ್ರುವಂಥದ್ದು.
ತಡೀರಿ. ಫೋನು ಇಡಬ್ಯಾಡ್ರಿ. ಟ್ರಂಕು ಎಳೀತೀನಿ.

ಹುಸೇನಪ್ಪ ಅಂತ, ಹಂಚಿಕೆದಾರರ ರೆಪ್ಪು, ಇಪ್ಪತ್ತೊಂಬತ್ತು ವರ್ಷ.
ಬಳ್ಳಾರಿಯಿಂದ ರಾತ್ರಿ ಬಸ್ಸಿನ ಟಾಪಿನ ಮ್ಯಾಲೆ ರೀಲಿನ ಪೆಟ್ಟಿಗಿ ಹೇರಿಕೊಂಡು ಬಂದು
ಮಂಜರಿ ಟಾಕೀಸಿನ ಕಿಂಡಿ ಹಿಂದ ಸ್ಟೂಲು ಹಾಕಿ
ಹರಿದ ಅರ್ಧ ಟಿಕೇಟು ಎಣಿಸಿದಾಂವ.
ನೆಲ ಹಳದಿ, ಬೆಂಚು ಗುಲಾಬಿ, ಬಾಲ್ಕನಿ ಹಸಿರು.
ಊಟಕ್ಕ ಕುಂತರ ಅನ್ನಕ್ಕೂ ಬಣ್ಣ ಹತ್ತೋದು.

ಸಿಕ್ತು. ಭಾಗ ಒಂದು.
ಗೆದ್ದಲು ಅಂಚು ತಿಂದಾವ, ಅಂಕಿ ಬಿಟ್ಟಾವ.
ಐವತ್ತನಾಲ್ಕು ದಿನ, ನೆಲಕ್ಕ ಮೂರು ರೂಪಾಯಿ,
ಗ್ರಾಸ್ ಎರಡು ಲಕ್ಷ ತೊಂಬತ್ತೊಂದು ಸಾವಿರ.
ಇದರಾಗ ತೆರಿಗಿ ತೆಗೀರಿ, ಥೇಟರ್ ಬಾಡಿಗಿ ತೆಗೀರಿ,
ಪೋಸ್ಟರ್ ಹಚ್ಚೋ ಮೈದಾ ಅಂಟಿನ ರೊಕ್ಕ ತೆಗೀರಿ,
ಉಳಿದದ್ದು ಶೇರು.
ಟೀವಿಯವರು ಒದರೋದು ಗ್ರಾಸು,
ಒಲಿ ಹತ್ತೋದು ಶೇರಿನಾಗ.

ಆದರ ಆ ವರ್ಷ ಎಡದಂಡಿ ಕಾಲುವಿ ತುಂಬಿ ಹರಿದಿತ್ತು.
ನಾಟಿ ಹೆಣ್ಮಕ್ಕಳು ಕ್ಯಾಂಪಿನ್ಯಾಗ ಪಗಾರ ಎಣಿಸಿಕೊಂಡು
ಕೆಸರುಗಾಲಿನ್ಯಾಗ ಫಸ್ಟ್ ಶೋಕ್ಕ ಬರ್ತಿದ್ರು,
ನೆಲದ ಕ್ಲಾಸು ಮರುದಿನ ಗದ್ದಿ ವಾಸನಿ ಹೊಡೀತಿತ್ತು.
ಆ ಗೆಲುವಿನಾಗ ಹೀರೋಂದು ಎಷ್ಟು, ತುಂಗಭದ್ರಿದು ಎಷ್ಟು,
ಬರಿಯಾಕ ನನ್ನ ಹಾಳ್ಯಾಗ ಜಾಗ ಇರಲಿಲ್ಲ.

ಹಮಾಲಿ ಯಂಕೋಬ ಒಂಬತ್ತು ಸಲ ನೋಡಿದ.
ಅಂವ ಒಂದು ತಲಿಯೋ, ಒಂಬತ್ತೋ?
ಒಂಬತ್ತು ಅಂತ ಬರದೀನಿ. ಇವತ್ತಿಗೂ ಸಂಶಯ ಐತಿ.

ಭಾಗ ಎರಡು. ಹತ್ತೊಂಬತ್ತು ದಿನ, ಆರು ಲಕ್ಷ.
ಎರಡು ಪಟ್ಟು ಗೆಲುವು ಅಂತ ಪೇಪರಿನಾಗ ಬಂತು.
ನೆಲದ ಟಿಕೇಟು ಇಪ್ಪತ್ತಕ್ಕ ಏರಿತ್ತಲ್ರಿ!
ಸೈಕಲ್ ಸ್ಟ್ಯಾಂಡಿನ ಖಾಜಾಬಿ ನನ್ನ ಹಾಳಿ ನೋಡಿ ನಕ್ಕಳು.
ಆಕಿ ಲೆಕ್ಕ ಬ್ಯಾರೆ, ತಗಡಿನ ಬಿಲ್ಲೆದ್ದು.
ಮೊದಲನೇದಕ್ಕ ಬೇಲಿ ಕಿತ್ತಿ ಸ್ಟ್ಯಾಂಡು ದೊಡ್ಡದು ಮಾಡಿದ್ದೆ,
ಎರಡನೇದಕ್ಕ ಅದೇ ಮೂಲ್ಯಾಗ ಎಮ್ಮಿ ಕಟ್ಟೀನಿ, ಅಂದಳು.

ಭಾಗ ಮೂರು ಪೆಟ್ಟಿಗ್ಯಾಗ ಬರಲಿಲ್ಲ, ಮುಗಿಲಿಂದ ಇಳೀತು.
ಟಿಕೇಟು ಇನ್ನೂರು. ಮೂರು ದಿನಕ್ಕ ಒಂಬತ್ತು ಲಕ್ಷ.
ನಿಮ್ಮ ಆಫೀಸಿನಾಗ ಕೇಕ್ ಕೊಯ್ದಿರಿ, ಫೋಟೋ ನೋಡೀನಿ.
ಸೋಮವಾರ ಬ್ಯಾಟ್ರಿ ಹಿಡಿದ ಹುಡುಗ
ಖಾಲಿ ಕುರ್ಚಿಗೆ ಬೆಳಕು ಬಿಟ್ಟು ಬಿಟ್ಟು ಬ್ಯಾಸತ್ತು
ಕಡೀ ಸಾಲಿನಾಗ ಮಲಗಿಬಿಟ್ಟ.
ಮಾಲೀಕ ಪಂಪನಗೌಡರು ಕಟ್ಟಿದ ಮಿನಿಮಂ ಗ್ಯಾರಂಟಿ ಹದಿನಾಲ್ಕು ಲಕ್ಷ.
ಬಂದದ್ದು ಹನ್ನೊಂದು.
ನಿಮ್ಮ ವಹಿಯಾಗ ಅದು ಸೂಪರ್ ಹಿಟ್,
ಅವರ ವಹಿಯಾಗ ಬಾಲ್ಕನಿ ಕುರ್ಚಿ ಮಾರಿದ ರಶೀದಿ.
ಒಂದೇ ಸಿನಿಮಾ ಮೇಡಂ, ಒಂದೇ ಶುಕ್ರವಾರ.

ಕೂಡಿಸು ಅಂತೀರಿ.
ಮೂರು ರೂಪಾಯಿ, ಇಪ್ಪತ್ತು ರೂಪಾಯಿ, ಇನ್ನೂರು ರೂಪಾಯಿ
ಒಂದೇ ಜಾತಿ ಕಾಳೇನ್ರಿ ಕೂಡಿಸಾಕ?
ರೂಪಾಯಿ ಅಂದ್ರ ವರ್ಷಾ ವರ್ಷಾ ಸವಿಯೋ ಸೇರು.
ಅಕ್ಕಿಯಾಗ ಅಳೀರಿ ಬೇಕಾದ್ರ:
ಆಗ ನೆಲದಾಗ ಕುಂದ್ರಾಕ ಅರ್ಧ ಸೇರು ಅಕ್ಕಿ ಸಾಕಿತ್ತು,
ಈಗ ನಾಲ್ಕು ಸೇರು, ಮ್ಯಾಲೆ ಪಾಪ್‌ಕಾರ್ನು.

ನಮ್ಮ ಕಣದಾಗ ರಾಶಿ ಅಳೀವಾಗ
ಯಾರೂ ಒಂದು ಅನ್ನಂಗಿಲ್ಲ.
ಮೊದಲ ಸೇರಿಗೆ ಲಾಭ ಅಂತಾರ.
ಆಮ್ಯಾಲೆ ಎರಡು, ಮೂರು.
ಹಂಗೇ ಬರಕೊಳ್ರಿ.

ಖಾನೆದಾಗ ಅಕ್ಷರ ಹಿಡಿಯಂಗಿಲ್ಲ ಅಂತೀರಾ?
ಹಂಗಾರ ಇನ್ನೊಂದು ಮಾತು.
ಟ್ರಂಕಿನ ತಳದಾಗ ಟಿಕೇಟಿನ ಚೂರು ಉಳಿದಾವ,
ಹಳದೀವು, ನೆಲದ್ದು, ಒಂದು ಪಾವಿನಷ್ಟು.
ಮುಟ್ಟಿದರ ಈಗಲೂ ಬೆರಳಿಗೆ ಹತ್ತತೈತಿ.
ಇದನ್ನ ಎಲ್ಲಿ ಹಾಕಲಿ?