ಕೊನೆಯ ಬಾರಿ ನಡೆದದ್ದು: ಎಂದೂ ಇಲ್ಲ

ಪರದೆ ಕೇಳಿತು, ಎಷ್ಟು ದಿನಕ್ಕೊಮ್ಮೆ?
ನಾನು ದಿನವೂ ಅಂದೆ.
ಎಷ್ಟು ಹೊತ್ತಿಗೆ?
ರಾತ್ರಿ ಹನ್ನೊಂದೂವರೆ ಅಂದೆ,
ಎಲ್ಲರೂ ಮನೆ ಸೇರಿ, ಮಂಡ್ಯದ ನಾಲಾ ಉಪವಿಭಾಗದಲ್ಲಿ
ಫ್ಯಾನೂ ಮಲಗಿರುವ ಹೊತ್ತು.

ಕಾಯುವಂಥಾದ್ದು ಏನಿತ್ತು ಅಂದರೆ,
ಹದಿನೇಳು ತೂಬಿನ ಮಟ್ಟ, ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ,
ಅಡಿ, ಅಂಗುಲ,
ಕಟ್ಟು ಪದ್ಧತಿಯಲ್ಲಿ ಯಾವ ಊರಿಗೆ ಎಷ್ಟು ದಿನ ಬಿಟ್ಟದ್ದು, ಎಷ್ಟು ದಿನ ಕಟ್ಟಿದ್ದು.
ಹೋದ ಕಾರ್ತೀಕದಲ್ಲಿ ಹಳೇ ಪೆಟ್ಟಿಗೆ,
ಆಯುಧಪೂಜೆಗೆ ನಾನೇ ಕುಂಕುಮ ಇಟ್ಟಿದ್ದು,
ಎರಡು ದಿನ ಒಳಗೊಳಗೇ ಟಕ್ ಟಕ್ ಎಂದು ಕೆಮ್ಮಿ
ಮೂರನೇ ದಿನ ಸುಮ್ಮನಾಯಿತು.
ನಲವತ್ತೊಂದು ದಿನದ ನೀರು!
ಗದ್ದೆಗೆ ಹರಿದದ್ದು ನಿಜ, ಭತ್ತ ತೆನೆಯೊಡೆದದ್ದು ನಿಜ,
ಹರಿಯಿತು ಅನ್ನುವುದಕ್ಕೆ ನಮ್ಮಲ್ಲಿ ಒಂದು ಸಾಲಿಲ್ಲ.

ಆಗ ಬಂದವನು ನೀರುಗಂಟಿ ಬೋರಲಿಂಗ.
ಬೀಡಿ ಘಾಟಿನ ಜೇಬಿಂದ
ಹಾಲಿನ ಡೈರಿಯ ಹಳೇ ಪಾಸ್‌ಪುಸ್ತಕ ತೆಗೆದ,
ಹಸು ಮಾರಿದ ಮೇಲೆ ಉಳಿದ ಖಾಲಿ ಹಾಳೆಗಳಲ್ಲಿ
ಪೆನ್ಸಿಲ್ಲಿನ ಮಟ್ಟಗಳು.
"ಬರ್ಕಳಿ ಅವ್ವ."
ಮೂರು ದಿನ ಅವನು ಓದಿದ, ನಾನು ಕುಟ್ಟಿದೆ.
ಒಂದು ಕಡೆ ಹಾಳೆ ನೆನೆದು ಅಂಕಿ ಅಳಿಸಿತ್ತು.
ಅವನು ಕಣ್ಣು ಮುಚ್ಚಿದ.
"ಅವತ್ತು ನೀರು ಮೂರನೇ ಕಲ್ಲು ಮುಟ್ಟಿರ್ನಿಲ್ಲ.
ಎರಡಡಿ ನಾಕಂಗಲ ಹಾಕ್ಕಳಿ."
ಹಾಕಿಕೊಂಡೆ. ಆಡಿಟಿನವರು ಟಿಕ್ ಹೊಡೆದರು.

ಆಮೇಲೆ ನೂರಡಿ ರಸ್ತೆಯಿಂದ
ನಶ್ಯದ ಡಬ್ಬಿಗಿಂತ ತುಸು ದೊಡ್ಡ ಕಪ್ಪು ಡಿಸ್ಕು ಬಂತು,
ಮೂರು ಸಹಿ, ಒಂದು ವೋಚರು.
ಸಮಯ ಕೊಟ್ಟು, ಸರಿ ಒತ್ತಿ, ನಿಶ್ಚಿಂತಳಾದೆ.

ಮೂರು ವಾರ ಕಳೆದು ಯಾಕೋ ತೆರೆದು ನೋಡಿದರೆ
ಡಿಸ್ಕು ಖಾಲಿ, ತೊಳೆದ ತಟ್ಟೆಯ ಹಾಗೆ.
ಪಟ್ಟಿಯಲ್ಲಿ ಬರೆದಿತ್ತು,
ಕೊನೆಯ ಬಾರಿ ನಡೆದದ್ದು: ಎಂದೂ ಇಲ್ಲ.
ಮುಂದಿನ ಬಾರಿ: ಈ ರಾತ್ರಿ ಹನ್ನೊಂದೂವರೆ.
ನಮ್ಮ ಕಚೇರಿಯಲ್ಲಿ ಎಷ್ಟು ಬೇಗ ಕಲಿತುಬಿಟ್ಟಿದೆ,
ನಾಳೆ ಬನ್ನಿ ಅನ್ನುವುದನ್ನು.

ಕಾವಲಿನ ಮರಿಕಾಳಯ್ಯನನ್ನು ಕೇಳಿದೆ.
"ಒಂಬತ್ತಕ್ಕೆ ಮೇನು ಎಳ್ದ್‌ಬುಡ್ತೀನಿ ಕಣವ್ವ, ಹನ್ನೆರಡು ವರ್ಷದಿಂದ.
ಸರ್ಕಾರದ್ದು ಅಂತ ಕರೆಂಟು ಉರ್ಸಕ್ಕಾಯ್ತದಾ?"
ಬೈಯಲು ತೆರೆದ ಬಾಯಿ ಹಾಗೇ ನಿಂತಿತು.
ಅವನೇ ಕೇಳಿದ, ರಾತ್ರಿ ಅದು ಏನ್ ಮಾಡ್ತದೆ?
ಹಗಲು ಬರೆದದ್ದನ್ನೇ ಇನ್ನೊಂದು ಕಡೆ ಬರ್ಕೊಳ್ಳುತ್ತೆ ಅಂದೆ.
ಟಾರ್ಚು ಒಮ್ಮೆ ಹಚ್ಚಿ ಆರಿಸಿದ.
"ಓ, ನಿದ್ದೆ ಬರ್ದೇ ಇರೋರ ತರ."

ಈಗ ಅದು ಮಧ್ಯಾಹ್ನ ಒಂದು ಮುಕ್ಕಾಲಿಗೆ.
ನನ್ನ ಮುದ್ದೆ, ಉಪ್ಪೆಸರಿನ ಡಬ್ಬಿಯ ಪಕ್ಕ
ಪುಟ್ಟ ನೀಲಿ ದೀಪ ಮಿಣುಕುತ್ತದೆ.
ಹನ್ನೊಂದು ನಿಮಿಷ ಕೀಲಿಮಣೆ ಮುಟ್ಟುವುದಿಲ್ಲ ನಾನು.
ಸಾಹೇಬರು ಬಾಗಿಲಲ್ಲಿ ನಿಂತು,
ಏನ್ರೀ, ಸುಮ್ಮನೆ ಕೂತಿದೀರಿ?
ಕೆಲಸ ನಡೀತಿದೆ ಸಾರ್.

ಶುಕ್ರವಾರ ಶುಕ್ರವಾರ ಒಂದು ದಿನವನ್ನು
ಕಣ್ಣಿಗೆ ಬಿದ್ದಂತೆ ಆರಿಸಿ ವಾಪಸು ಕರೆಯುತ್ತೇನೆ,
ಬರುತ್ತದೋ ಇಲ್ಲವೋ ನೋಡಲು.
ಇವತ್ತು ಎದ್ದು ಬಂದದ್ದು
ಆರನೇ ತೂಬು, ಸಂಜೆ, ಎರಡಡಿ ನಾಲ್ಕಂಗುಲ.
ಒಂದು ಚುಕ್ಕೆಯೂ ಆಚೀಚೆ ಆಗಿಲ್ಲ.
ಅವನು ಕಣ್ಣು ಮುಚ್ಚಿದ್ದನ್ನು
ದಿನವೂ ಊಟದ ಹೊತ್ತಿಗೆ
ತಪ್ಪದೆ ನಕಲು ಮಾಡುತ್ತಿದೆ ಯಂತ್ರ.

ಬೋರಲಿಂಗನಿಗೆ ಹೇಳಿದೆ, ಇನ್ನು ನೀನು ಬರೆದಿಡಬೇಕಾಗಿಲ್ಲ.
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡ.
"ಅದ್ರ ಪಾಡಿಗೆ ಅದಿರ್ಲಿ ಬುಡವ್ವ,"
ಅಂದು ಪಾಸ್‌ಪುಸ್ತಕ ಜೇಬಿಗಿಟ್ಟು
ಸೈಕಲ್ಲು ಹತ್ತಿದ, ನಾಲೆ ಏರಿಯ ಮೇಲೆ,
ಸಂಜೆ ಆರರ ಮಟ್ಟಕ್ಕೆ.