ಗಾಳಿಗೋಪುರ

ಮುಹರ್ರಕ್‌ನ ಸಂದಿಯೊಳಗೊಂದು ಹಳೆ ಮನೆ,
ಈಗ ಮ್ಯೂಸಿಯಂ. ಅದರ ನೆತ್ತಿಗೆ ಗಾಳಿಗೋಪುರ.
ನಮ್ಮ ಕಡೆ ಆ ಮಾತಿಗೆ ಅರ್ಥ ಬೇರೆ.
ಇಲ್ಲಿ ಅದು ಸುಣ್ಣ, ಹವಳದ ಕಲ್ಲು,
ಒಳಗೆ ಕತ್ತರಿಯಾಗಿ ನಿಂತ ಎರಡು ಗೋಡೆ,
ತಳದಲ್ಲಿ ಹಲಗೆ ಹಾಕಿ ಮುಚ್ಚಿದ ಬಾಯಿ,
ತಂಪು ಸೋರಬಾರದೆಂದು.
ಏಸಿ ಎರಡಿವೆ. ಅವಕ್ಕೆ ನಾನೇ ವೈದ್ಯ.

ಆಗಸ್ಟು. ಎರಡೂವರೆಗೆ ಕರೆಂಟು ಹೋಯಿತು.
ಜಲಸಂಧಿಯಲ್ಲಿ ಹಡಗು ನಿಂತಿವೆಯಂತೆ, ಅಂದ ಒಬ್ಬ.
ಸೆಕೆಗೆ ತಂತಿಯೇ ಸೋತಿತು, ಅಂದ ಇನ್ನೊಬ್ಬ.
ಕಾವಲಿನ ಬೂ ರಾಶಿದ್ ಏನೂ ಅನ್ನಲಿಲ್ಲ,
ನನ್ನ ಚೀಲಕ್ಕೆ ಕೈಹಾಕಿ ಸ್ಕ್ರೂಡ್ರೈವರ್ ತೆಗೆದ.

ಹಲಗೆ ಕಳಚಿತು.
ಮೊದಲು ಬಿದ್ದದ್ದು ಧೂಳು, ಪಾರಿವಾಳದ ಪುಕ್ಕ,
ಯಾರದೋ ಸಿಗರೇಟು ಪೊಟ್ಟಣ.
ಆಮೇಲೆ ಗಾಳಿ.
ತಂಪೇನಲ್ಲ, ಸುಳ್ಳು ಯಾಕೆ ಹೇಳಲಿ,
ಬಿಸಿಯೇ. ಆದರೆ ನಡೆದಾಡುವ ಬಿಸಿ,
ಬೆವರನ್ನು ಮಾತಾಡಿಸಿ ಹೋಗುವಂಥದ್ದು.

‘ಅಜ್ಜಿ ಇದರಡಿ ಒದ್ದೆ ಚಾಪೆ ಹಾಸುತ್ತಿದ್ದಳು.’
ಚಾಪೆ ಗಾಜಿನ ಪೆಟ್ಟಿಗೆಯಲ್ಲಿತ್ತು, ನಂಬರು ಹದಿನೇಳು.
ಇಬ್ಬರೂ ಅದನ್ನೇ ನೋಡಿದೆವು.

ನಾಲ್ಕಕ್ಕೆ ಕರೆಂಟು ಬಂತು. ಏಸಿ ಕೆಮ್ಮಿತು.
ಹಲಗೆ ಎತ್ತಿ ಹಿಡಿದ ಬೂ ರಾಶಿದ್.
ಅಂಗೈಯಲ್ಲಿ ನಾಲ್ಕು ಸ್ಕ್ರೂ.
ಮೂರನ್ನು ತಿರುಗಿಸಿದೆ, ಸಡಿಲವಾಗಿಯೇ.
ಇನ್ನೊಂದು ಎಲ್ಲಿ ಅಂತ ಅವನೂ ಕೇಳಲಿಲ್ಲ.